ಮರಳವಾಡಿಯಲ್ಲಿ ನಿಲ್ಲದ ಬಸ್ಸು

ಹಾರೋಹಳ್ಳಿಯ ಫ್ಯಾಕ್ಟರಿ ಗೇಟಿನ ಮುಂದೆ ಬಸ್ಸು ನಿಲ್ಲಿಸಿ ದೇವರಾಜು ಹ್ಯಾಂಡ್‌ಬ್ರೇಕ್ ಎಳೆದ. ಯಾರೂ ಇಳಿಯಲಿಲ್ಲ. ದಿನಾ ಬಾಗಿಲು ತೆರೆಯುವ ಮೊದಲೇ ನುಗ್ಗುವ ಹೆಂಗಸರು ಅವತ್ತು ಕಂಬಿ ಹಿಡಿದು ಅವನನ್ನೇ ನೋಡುತ್ತ ಕೂತಿದ್ದರು.

ಮುಂದಿನ ಸೀಟಿನಿಂದ ಲತಾಮಣಿ ಎದ್ದು ಬಂದಳು. ಹೊಲಿಗೆ ವಿಭಾಗದ ಹುಡುಗಿ, ಯಾರಿಗೂ ಹೆದರುವವಳಲ್ಲ. ಈಗ ಅವಳ ತುಟಿ ಅದುರುತ್ತಿತ್ತು.

“ಅಣ್ಣ, ಮರಳವಾಡೀಲಿ ಯಾಕ್ ನಿಲ್ಲಿಸ್ಲಿಲ್ಲ?”

“ನಿಲ್ಲಿಸಿದ್ನಲ್ಲವ್ವಾ.”

“ಇಲ್ಲ ಕಣಣ್ಣ. ಭಾನಕ್ಕ ರೋಡಿಗೇ ಬಂದು ಕೈ ಅಡ್ಡ ಹಿಡುದ್ಲು. ನಾವೆಲ್ಲ ಕಿರುಚ್ಕೊಂಡ್ವಿ. ನಾನೇ ನಿನ್ನ ಭುಜ ಹಿಡ್ದು ಅಲ್ಲಾಡಿಸ್ದೆ. ನೀನು ‘ಹೂಂ’ ಅಂದೆ, ಹಂಗೇ ಓಡಿಸ್ಕಂಡ್ ಬಂದ್ಬುಟ್ಟೆ.”

ಭಾನಕ್ಕ ಅಂದರೆ ದೇವರಾಜುವಿನ ಹೆಂಡತಿ ಭಾನುಪ್ರಿಯ. ಅದೇ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ. ಗಂಡ ಆಚೆ ಹಳ್ಳಿಗಳ ಹೆಂಗಸರನ್ನು ಹತ್ತಿಸಿಕೊಂಡು ಬರುವಷ್ಟರಲ್ಲಿ ಮರಳವಾಡಿ ಸ್ಟಾಪಿಗೆ ಬಂದು ನಿಂತಿರುತ್ತಿದ್ದಳು. ದೇವರಾಜು ತಿರುಗಿ ಅವಳ ಸೀಟು ನೋಡಿದ. ಖಾಲಿ.

ಫೋನ್ ಮಾಡಿದರೆ ಅತ್ತಲಿಂದ ಅಳು. “ನನ್ನ ಮುಖಾನೇ ನೋಡ್ಕಂಡು ಬಂದ್ರಿ ಕಣ್ರೀ. ನಾನು ಚರಂಡಿಗೆ ಹಾರ್ದೇ ಇದ್ದಿದ್ರೆ...”

ಅವಳ ಮೊಣಕೈ ತರಚಿತ್ತು, ಅಷ್ಟೇ. ಆದರೆ ದೇವರಾಜುವಿಗೆ ಆ ದಾರಿಯ ಒಂದು ತಿರುವೂ, ಎದುರಿಗೆ ಬಂದ ಒಂದು ಲಾರಿಯೂ ನೆನಪಿಗೆ ಬರಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತ.

ಊರಲ್ಲಿ ಅವನಿಗೆ ಮಿಷಿನ್ ಅನ್ನುವ ಹೆಸರಿತ್ತು. ಬೆಳಕು ಹರಿಯುವ ಮೊದಲೇ ಹಸುಗಳ ಹಾಲು ಕರೆದು ಡೇರಿಗೆ ಹಾಕಿ ಬಸ್ಸು ಹತ್ತುತ್ತಿದ್ದ. ಹಗಲು ಸ್ಕೂಲ್ ವ್ಯಾನು. ಸಂಜೆ ಮತ್ತೆ ಹಾಲು, ಮತ್ತೆ ಬಸ್ಸು, ಎರಡನೇ ಪಾಳಿಯವರನ್ನು ಮನೆ ಮುಟ್ಟಿಸುವವರೆಗೂ. ಕಣ್ಣು ಉರಿದರೆ ಮುಖಕ್ಕೆ ನೀರೆರಚಿ ಟೀ ಕುಡಿಯುತ್ತಿದ್ದ. ಯಾರು ಏನು ಕೆಲಸ ಹೇಳಿದರೂ ಆಗಲ್ಲ ಅಂದವನಲ್ಲ.

ಭಾನುಪ್ರಿಯ ಅವನನ್ನು ಕನಕಪುರದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರ್ ಸುಮನಾ ಕಣ್ಣಿಗೆ ಟಾರ್ಚ್ ಬಿಟ್ಟು, ಬಿಪಿ ನೋಡಿ, ಕೇಳಿದರು: “ಅಲಾರಂ ಇಲ್ಲದೆ ಎದ್ದಿದ್ದು ಯಾವಾಗ?”

“ನೆನಪೇ ಇಲ್ಲ ಮೇಡಂ,” ಅಂದ ದೇವರಾಜು.

“ನೀವು ಅವತ್ತು ನಿದ್ದೆಯಲ್ಲಿದ್ರಿ. ಕಣ್ಣು ತೆರೆದಿತ್ತು, ಮಿದುಳು ಆಗಾಗ ಮಲಗ್ತಿತ್ತು. ಮೈಗೆ ನೀವು ಬಿಡುವು ಕೊಡಲಿಲ್ಲ, ಅದೇ ತಗೊಂಡಿದೆ. ಟೀ ಕುಡಿದರೆ ಇದು ಹೋಗಲ್ಲ.”

ಹೊರಗೆ ಬಂದ ಮೇಲೆ ಭಾನುಪ್ರಿಯ ಒಂದೇ ಮಾತು ಹೇಳಿದಳು. “ಒಂದು ಕೆಲ್ಸ ಬುಡಿ. ಯಾವುದಾದ್ರೂ ಸರಿ.”

ಅವನು ಎರಡು ಬಿಟ್ಟ. ವ್ಯಾನು ಬಿಟ್ಟ, ಬಸ್ಸಿನ ಮಾಲೀಕ ಗೌಸ್ ಹತ್ತಿರ ಹೋಗಿ ರಾತ್ರಿ ಎರಡನೇ ಪಾಳಿಯವರ ಟ್ರಿಪ್ಪನ್ನೂ ಬಿಟ್ಟ. ನಡೆದದ್ದು ಕೇಳಿದ ಗೌಸ್ ಬೆವರು ಒರೆಸಿಕೊಂಡ. “ಯಾ ಅಲ್ಲಾ! ನೀನು ಹೂಂ ಅಂತಿದ್ದೆ, ನಾನು ಕೊಡ್ತಾ ಹೋದೆ.”

ಮೊದಮೊದಲು ಮಧ್ಯಾಹ್ನ ಮಲಗುವುದೇ ಅವನಿಗೆ ನಾಚಿಕೆ. ಬೆಳಗಿನ ಪಾಳಿಯವರು ಹೊರಬರುವವರೆಗೂ ಫ್ಯಾಕ್ಟರಿ ಹತ್ತಿರವೇ ನಿಲ್ಲಿಸಿದ ಬಸ್ಸಿನ ಹಿಂದಿನ ಸೀಟಿನಲ್ಲಿ ಟವೆಲ್ ಮುಚ್ಚಿಕೊಂಡು ಬಿದ್ದುಕೊಂಡರೂ ನಿದ್ದೆ ಬರದೆ, ಏನೋ ತಪ್ಪು ಮಾಡಿದವನ ಹಾಗೆ ಎದ್ದು ಕೂರುತ್ತಿದ್ದ. ತಿಂಗಳು ಕಳೆಯುವಷ್ಟರಲ್ಲಿ ಗೊರಕೆ ಗೇಟಿನವರೆಗೂ ಕೇಳತೊಡಗಿತು. ಊಟ ರುಚಿಸಿತು. ಮಗಳು ಸಿರಿಯ ಮೇಲೆ ರೇಗುವುದೂ ಕಮ್ಮಿಯಾಯಿತು. ಭಾನುಪ್ರಿಯ ಮಾತ್ರ ಅವತ್ತಿನಿಂದ ಮುಂದಿನ ಸೀಟಿನಲ್ಲೇ ಕೂತು, ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅವನ ಕಣ್ಣು ನೋಡುತ್ತಿದ್ದಳು.

ಒಂದು ಮಧ್ಯಾಹ್ನ, ಗೌಸ್‌ನದೇ ಇನ್ನೊಂದು ಬಸ್ಸನ್ನು ಕಬ್ಬಾಳು ಕಡೆ ಓಡಿಸುವ ಡ್ರೈವರ್ ಕೃಷ್ಣಪ್ಪ ಬಾಗಿಲು ಬಡಿದು ನಕ್ಕ. “ಏನ್ಲಾ ದೇವರಾಜ, ಬಾಣಂತಿ ಹಂಗೆ ಹಗಲೊತ್ತು ಮಲಗಿದ್ದೀಯ?”

ದೇವರಾಜು ಎದ್ದು ಕೂತು ಎಲ್ಲವನ್ನೂ ಹೇಳಿದ. ಹೆಂಡತಿ ಚರಂಡಿಗೆ ಹಾರಿದ್ದನ್ನೂ ಬಿಡಲಿಲ್ಲ.

ಕೃಷ್ಣಪ್ಪನ ನಗು ಆರಿತು.

“ನಂಗೂ ಹಂಗಾಯ್ತದೆ ಕಣ್ಲಾ,” ಅಂದ. “ವಾರಕ್ಕೆ ಒಂದ್ಸಲನಾದ್ರೂ. ಎಲ್ಲಾರ್ಗೂ ಆಗೋದೇ ಅಂದ್ಕಂಡಿದ್ದೆ.”

ಗೇಟಿನ ಮುಂದೆ ಸಾಲಾಗಿ ನಿಂತ ಬಸ್ಸುಗಳ ಮೇಲೆ ದೇವರಾಜುವಿನ ಕಣ್ಣು ಹೋಯಿತು. ಇನ್ನೆಷ್ಟು ಜನ? ಕೈ ಚಾಚಿ ಕೃಷ್ಣಪ್ಪನ ಬೆರಳಿನಿಂದ ಕೀ ಬಿಡಿಸಿಕೊಂಡ. ಅವನನ್ನು ತನ್ನ ಸೀಟಿನ ಮೇಲೆ ಮಲಗಿಸಿ, ಟವೆಲ್ ಹೊದಿಸಿ, ಅವನ ಬಸ್ಸಿಗೆ ಬೇರೆ ಡ್ರೈವರನ್ನು ಕಳಿಸಿ ಅಂತ ಗೌಸ್‌ಗೆ ಫೋನ್ ಮಾಡಿದ.