ಇಲ್ಲದ ಬ್ರೇಕು

ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಬ್ರೇಕಕ್ಕನ ಕೈಯಲ್ಲಿ, ಅಲ್ಲಲ್ಲ, ಕಾಲಲ್ಲಿ ಪಳಗಿದವರು. ಡ್ರೈವಿಂಗ್ ಸ್ಕೂಲಿನ ಕಾರಿಗೆ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಅವಳ ಬಲಗಾಲು ಸದಾ ಕಾವಲಿರುತ್ತಿತ್ತು. ಕಲಿಯುವವರು ತಪ್ಪು ಮಾಡುವವರೆಗೆ ಕಾಯುವ ತಾಳ್ಮೆ ಆ ಕಾಲಿಗಿರಲಿಲ್ಲ. ಮಾಡಬಹುದು ಎಂಬ ಅನುಮಾನ ಬಂದರೂ ಸಾಕು, ಗಾಡಿ ಗಕ್ಕನೆ ನಿಂತುಬಿಡುತ್ತಿತ್ತು. ಹೆಸರು ಬಂದದ್ದು ಹಾಗೆ. ಅವಳಿಗೇನೂ ಅದರ ಬಗ್ಗೆ ಬೇಜಾರಿರಲಿಲ್ಲ, ಒಳಗೊಳಗೇ ಜಂಭವೇ ಇತ್ತು.

ವಾರವಿಡೀ ಸಿಗ್ನಲ್ಲು, ರಿವರ್ಸು ಎಂದು ಗಂಟಲು ಹರಿದುಕೊಂಡವಳಿಗೆ ಭಾನುವಾರ ಬಂತೆಂದರೆ ಡಾಂಬರು ಕಂಡರಾಗದು. ತನ್ನ ಹಳೆಯ ಫೋರ್ ವೀಲ್ ಡ್ರೈವ್ ಜೀಪು ಹತ್ತಿ ದಾರಿಯಲ್ಲದ ದಾರಿ ಹುಡುಕಿಕೊಂಡು ಹೊರಟುಬಿಡುತ್ತಿದ್ದಳು. ಇದೇ ಹುಚ್ಚು ಹತ್ತಿದವರ ಒಂದು ಬಳಗವಿತ್ತು. ಅವರಿಗೆಲ್ಲ ಕಲ್ಲು ಮಣ್ಣಿನಲ್ಲಿ ಗಾಡಿ ಕುಣಿಸುವ ಚಪಲ. ಕುಣಿಸಲು ಜಾಗ ಹುಡುಕುವ ತಲೆನೋವು ಮಾತ್ರ ಇವಳದು. ತಲೆನೋವು ಎಂದು ಬಾಯಲ್ಲಿ ಗೊಣಗುತ್ತಿದ್ದಳು ಅಷ್ಟೇ, ಬೇರೆ ಯಾರಾದರೂ ಆ ಕೆಲಸಕ್ಕೆ ಕೈ ಹಾಕಿದರೆ ಅವರ ಕಥೆ ಮುಗಿದಂತೆಯೇ.

ಸಾಲಾಗಿ ನಿಂತ ಕರೆಂಟಿನ ದೊಡ್ಡ ಕಂಬಗಳು ಕಂಡರೆ ಅವಳ ಕಣ್ಣು ಅರಳುತ್ತಿತ್ತು. ಪ್ರತಿ ಕಂಬದ ಬುಡಕ್ಕೂ ರಿಪೇರಿಯವರ ಗಾಡಿ ಹೋಗಲೇಬೇಕು, ಹೋದಲ್ಲಿ ಜಾಡು ಬಿದ್ದೇ ಬಿದ್ದಿರುತ್ತದೆ. ಕಾಲುವೆಯ ದಂಡೆ, ಕೆಲಸ ನಿಂತ ಕಲ್ಲುಕ್ವಾರಿ, ಯಾವುದನ್ನೂ ಬಿಟ್ಟವಳಲ್ಲ. ಜಾಡು ಸಿಕ್ಕರೆ ಮೊದಲು ಜಮೀನಿನವರನ್ನು ಕೇಳಬೇಕು. ಆಮೇಲೆ ಕೊನೆಯವರೆಗೂ ನಡೆದು ನೋಡಬೇಕು. ಗಾಲಿ ಇಳಿಸುವುದು ಆಮೇಲಿನ ಮಾತು. ಮುಚ್ಚಿದ್ದ ಗೇಟನ್ನು ತೆರೆದು ಬಿಟ್ಟುಬಂದವರಿಗೆ ಅವಳ ನಾಲಿಗೆಯ ರುಚಿ ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಎಡಗಾಲಿನ ಮಂಡಿ ಕೈಕೊಟ್ಟಿತು. ಆಪರೇಷನ್ ಆಯಿತು. ಇನ್ನು ಕೆಲವು ತಿಂಗಳು ಕ್ಲಚ್ ಮುಟ್ಟಕೂಡದು, ಗುಡ್ಡ ಹತ್ತಿ ನಡೆಯಕೂಡದು ಎಂದು ಆಸ್ಪತ್ರೆಯಲ್ಲಿ ಕಡ್ಡಿ ಮುರಿದಂತೆ ಹೇಳಿ ಕಳಿಸಿದರು. ಸ್ಕೂಲಿನ ಕಾರಿಗೆ ಬಲಗಾಲೊಂದಿದ್ದರೆ ಸಾಕಿತ್ತು. ಜೀಪಿನದೇ ಪಜೀತಿ. ಅದೇ ಸಮಯಕ್ಕೆ ಸರಿಯಾಗಿ, ಬಳಗದವರು ಸೇರುತ್ತಿದ್ದ ಹಳೆಯ ಇಟ್ಟಿಗೆಗೂಡಿನ ಬಯಲಿಗೆ ಮನೆ ಕಟ್ಟುವವರು ಬೇಲಿ ಹಾಕಿಬಿಟ್ಟರು. ಬಳಗದಲ್ಲಿದ್ದ ಹಲ್ಲಿನ ಡಾಕ್ಟರು ಫೋನ್ ಮಾಡಿದರು.

"ಅಕ್ಕಾ, ನೀವು ಆರಾಮಾಗಿ ರೆಸ್ಟ್ ತಗೊಳ್ಳಿ. ಹೈವೇ ಪಕ್ಕ ಟಿಕೆಟ್ ತಗೊಂಡು ಓಡಿಸೋ ಟ್ರ್ಯಾಕ್ ಆಗಿದೆಯಲ್ಲ, ಇನ್ಮೇಲೆ ಅಲ್ಲೇ ಸೇರೋಣ ಅಂತ ಎಲ್ಲರೂ ಅಂತಿದಾರೆ."

"ಮಣ್ಣು ಗುಡ್ಡೆ ಹಾಕಿ, ಟೈರ್ ಹೂತು, ಹೀಗೆ ಹೋಗಿ ಅಂತ ಬಾಣದ ಗುರುತು ಬರೆದಿಟ್ಟಿರೋ ಜಾಗ ತಾನೇ?"

"ಕಾಫಿನೂ ಸಿಗುತ್ತೆ ಅಕ್ಕಾ."

"ಭಾನುವಾರದೊಳಗೆ ಹೊಸ ಜಾಗ ನಾನು ತೋರಿಸ್ತೀನಿ. ತೋರಿಸದಿದ್ರೆ ಹೋಗಿ, ಕಾಫಿ ಕುಡೀರಿ."

ಜಂಭದಿಂದ ಹೇಳಿ ಫೋನ್ ಇಟ್ಟಳೇನೋ ನಿಜ. ಬಾಣದ ಗುರುತು ಇರುವಲ್ಲಿ ದಾರಿ ಹುಡುಕುವವಳು ಯಾರಿಗೆ ಬೇಕು? ಒಮ್ಮೆ ಅಲ್ಲಿಗೆ ಹೋದವರು ಮತ್ತೆ ಇವಳ ಬಾಗಿಲಿಗೆ ಬರುವವರಲ್ಲ. ಅದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೇ ಸಂಕಟವಾಗುತ್ತಿತ್ತು.

ಮುಂದಿನ ಕೋಣೆಯಲ್ಲಿ ಗಂಡ ಮಿಷನ್ನಿನ ಮುಂದೆ ಕೂತಿದ್ದ. ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುವ ಟೈಲರ್. ನೀಲಿ ಬಟ್ಟೆಯ ಥಾನುಗಳ ನಡುವೆ ಅವನ ತಲೆಯೊಂದೇ ಕಾಣುತ್ತಿತ್ತು. ಅವನೂ ಇವಳ ಹತ್ತಿರವೇ ಕಾರು ಕಲಿತವನು. ಇಬ್ಬರಿಗೂ ಮಾತು ಬೆಳೆದದ್ದೇ ಆ ಕಾರಿನಲ್ಲಿ. ಲೈಸೆನ್ಸ್ ಸಿಕ್ಕಿತು, ಹೆಂಡತಿಯೂ ಸಿಕ್ಕಳು. ಆದರೆ ಅಂದಿನಿಂದ ಇಂದಿನವರೆಗೆ ಅವಳ ಕಾಲಿನ ಕಾವಲಿಲ್ಲದೆ ಅವನು ಒಂದು ಮಾರು ದೂರವೂ ಗಾಡಿ ಓಡಿಸಿರಲಿಲ್ಲ.

"ರೀ, ನಿಮ್ಮ ಲೈಸೆನ್ಸ್ ಎಲ್ಲಿದೆ?"

ಮಿಷನ್ ನಿಂತಿತು. "ಬೀರುನಲ್ಲಿದೆ. ಯಾಕೆ?"

"ಜೀಪು ನೀವು ಓಡಿಸ್ತೀರಿ."

"ಜೀಪಿಗೆ ನಿನ್ನ ಕಡೆ ಬ್ರೇಕ್ ಇಲ್ಲ ಕಣೇ."

"ಬಾಯಿದೆಯಲ್ಲ."

"ಅದೇನೋ ಇದೆ," ಎಂದು ಅವನು ದಾರ ಕತ್ತರಿಸಿ ಎದ್ದ.

ಊರಾಚೆಯ ಹೂಗಿಡದ ನರ್ಸರಿಯ ಹಿಂದೆ ಕಂಬಗಳ ಸಾಲೊಂದು ಗುಡ್ಡ ಹತ್ತಿ ಹೋಗಿತ್ತು, ಅದರ ಮೇಲೆ ಅವಳಿಗೆ ಬಹಳ ದಿನದಿಂದ ಕಣ್ಣಿತ್ತು. ನರ್ಸರಿಯ ಒಡತಿ ಗೇಟಿನಲ್ಲೇ ಸಿಕ್ಕಳು. ಗುಡ್ಡವೂ ಅವಳದೇ. ಅವಳೂ ಬ್ರೇಕಕ್ಕನ ಶಿಷ್ಯೆಯೇ.

"ಹೋಗಿ ಅಕ್ಕಾ, ಸಸಿ ಮಡಿ ಮಾತ್ರ ತುಳೀಬೇಡಿ," ಎಂದವಳು ಡ್ರೈವರ್ ಸೀಟಿನಲ್ಲಿ ಟೈಲರನನ್ನು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ನಡೆದು ನೋಡುವ ಕೆಲಸವೂ ಗಂಡನ ಪಾಲಿಗೇ ಬಂತು. ಕುತ್ತಿಗೆಯಲ್ಲಿದ್ದ ಅಳತೆ ಟೇಪನ್ನು ತೆಗೆದಿಡುವುದನ್ನೂ ಮರೆತು ಹೊರಟವನು ಬೆವರು ಒರೆಸಿಕೊಳ್ಳುತ್ತ ವಾಪಸು ಬಂದ. "ನಡುವೆ ಒಂದು ಕೊರಕಲು ಇದೆ. ಅಳೆದೆ. ನಮ್ಮ ಗಾಡಿಗೆ ಲೂಸ್ ಫಿಟ್ಟಿಂಗ್, ತೊಂದರೆಯಿಲ್ಲ. ಕೊನೇ ಏರು ಮಾತ್ರ ಸ್ವಲ್ಪ ಬಿಗಿ."

ಅವಳಿಗೆ ನಗು ಬಂದರೂ ನಗಲಿಲ್ಲ. ಪಾಠ ಶುರುಮಾಡಿದಳು. "ಏರಿನ ನಡುವೆ ಏನೇ ಆದ್ರೂ ನಿಲ್ಲಿಸ್ಬೇಡಿ. ಸಡಿಲ ಜಲ್ಲಿ. ನಿಂತ್ರೆ ಹಿಂದಕ್ಕೆ ಜಾರಿ ಅಡ್ಡ ತಿರುಗುತ್ತೆ, ಆಮೇಲೆ ದೇವರೇ ಗತಿ. ಒಂದೇ ಸಮ ಹೋಗ್ತಾ ಇರಿ."

ಜೀಪು ಕೊರಕಲು ದಾಟಿತು. ಅವಳ ಬಾಯಿ ಒಂದು ಕ್ಷಣವೂ ಬಿಡುವು ಪಡೆಯಲಿಲ್ಲ, ಎಡಕ್ಕೆ, ಬಲಕ್ಕೆ, ನಿಧಾನ, ಅಯ್ಯೋ ಅಲ್ಲಲ್ಲ. ಕೊನೆಯ ಏರು ಬಂತು. ಬಾನೆಟ್ಟು ಮೇಲೆದ್ದು ಮುಂದೆ ಬರೀ ಆಕಾಶ. ಹಿಂದಿನ ಗಾಲಿಯ ಕೆಳಗೆ ಜಲ್ಲಿ ಕರಕರ ಎಂದಿತು, ಗಾಡಿ ಒಂದು ಪಕ್ಕಕ್ಕೆ ವಾಲಿತು. ಅವಳ ಬಾಯಿ ಕಟ್ಟಿಹೋಯಿತು. ಬಲಗಾಲು ಮಾತ್ರ ತನ್ನ ಕೆಲಸ ಮಾಡಿತು: ಇದ್ದ ಬಲವನ್ನೆಲ್ಲ ಹಾಕಿ ಬ್ರೇಕ್ ಒತ್ತಿತು. ಇಲ್ಲದ ಬ್ರೇಕನ್ನು.

ಜೀಪಿನ ತಳದ ತುಕ್ಕು ಹಿಡಿದ ತಗಡು ಪಟ್ಟನೆ ಹರಿದು, ಬೂಟು ಸಮೇತ ಪಾದದ ಅರ್ಧ ಆಚೆ ಹೋಯಿತು. ಜೀಪು ನಿಲ್ಲಲಿಲ್ಲ. ಅವಳು ಪಕ್ಕಕ್ಕೆ ನೋಡಿದಳು. ಕಾಲರ್ ಹೊಲಿಯುವಾಗ ಮಾಡುವ ಹಾಗೆ ಗಂಡ ಕೆಳತುಟಿ ಕಚ್ಚಿಕೊಂಡಿದ್ದ. ಮಿಷನ್ನಿನ ಪೆಡಲಿನ ಮೇಲೆ ಇರುವಂತೆಯೇ ಅವನ ಕಾಲು ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲದೆ ಒಂದೇ ಹದದಲ್ಲಿ ಕೂತಿತ್ತು. ಜೀಪು ಗುರುಗುಟ್ಟುತ್ತ ಮೇಲೆ ಹತ್ತಿ ಕಂಬದ ಬುಡದಲ್ಲಿ ನಿಂತಿತು.

ಅವನು ಹ್ಯಾಂಡ್‌ಬ್ರೇಕ್ ಎಳೆದು, ಬಗ್ಗಿ ತಗಡಿನಿಂದ ಅವಳ ಬೂಟನ್ನು ಮೆಲ್ಲಗೆ ಬಿಡಿಸಿದ. ತೂತಿನಲ್ಲಿ ಹುಲ್ಲು ಕಾಣುತ್ತಿತ್ತು.

"ಬ್ರೇಕ್ ಹಾಕಿದ್ಯಾ?"

"ಹಾಕಿದೆ." ಅವಳ ದನಿ ಸಣ್ಣದಾಗಿತ್ತು. "ಇದ್ದಿದ್ರೆ ಇಬ್ಬರೂ ಈಗ ಕೆಳಗೆ ಬಿದ್ದಿರ್ತಿದ್ವಿ. ನಾನೇ ಬೀಳಿಸ್ತಿದ್ದೆ."

ಅವನು ಸುತ್ತಲೂ ನೋಡಿದ. ಆಚೆ ಬದಿಯಲ್ಲಿ ಜಾಡು ಕಂಬದಿಂದ ಕಂಬಕ್ಕೆ ಇಳಿಯುತ್ತ ಏರುತ್ತ ಹೋಗಿತ್ತು, ಬಳಗಕ್ಕೆಲ್ಲ ವರ್ಷಗಟ್ಟಲೆ ಸಾಕಾಗುವಷ್ಟು. "ನಂಗೆ ಗಾಡಿ ಓಡ್ಸೋಕೆ ಬರುತ್ತೋ ಇಲ್ವೋ ಅಂತ ಇಷ್ಟು ವರ್ಷ ನಂಗೇ ಗೊತ್ತಿರ್ಲಿಲ್ಲ ನೋಡು," ಎಂದ. "ಗೊತ್ತಾಗೋಷ್ಟರಲ್ಲಿ ನಿಂತುಬಿಡ್ತಿತ್ತು."

ದೂರುವ ದನಿಯಲ್ಲಿ ಹೇಳಿದ್ದರೆ ಅವಳು ನಾಲ್ಕು ಮಾತು ತಿರುಗಿಸಿ ಕೊಡುತ್ತಿದ್ದಳು. ಅವನು ಖುಷಿಯಿಂದ ಹೇಳಿದ್ದ. ಅವಳು ಅವನ ಬೆವರಿದ ತೋಳಿನ ಮೇಲೆ ಕೈಯಿಟ್ಟಳು.

ಭಾನುವಾರ ನರ್ಸರಿಯ ಗೇಟಿನ ಮುಂದೆ ಗಾಡಿಗಳು ಸಾಲುಗಟ್ಟಿದವು. ಹಲ್ಲಿನ ಡಾಕ್ಟರು ಹೊಳೆಯುವ ಗಾಡಿಯಿಂದ ಇಳಿದು ಗುಡ್ಡವನ್ನು ನೋಡಿದರು, ಕಾಫಿಯ ಮಾತೆತ್ತಲಿಲ್ಲ. "ಮುಂದೆ ಯಾರು ಹೋಗೋದಕ್ಕಾ?"

"ನಮ್ಮ ಟೈಲರ್."

ಜೀಪಿನ ತೂತಿಗೆ ಹಲಗೆ ಇಟ್ಟು, ಮೇಲೆ ಯೂನಿಫಾರಮ್ಮಿನ ನೀಲಿ ಬಟ್ಟೆಯ ಹೊದಿಕೆ ಹಾಕಿಯಾಗಿತ್ತು. ಕೊನೆಯ ಏರಿನ ಬುಡದಲ್ಲಿ ಅವನು ಗೇರ್ ಹಾಕಿ, ಅವಳ ಕಡೆ ತಿರುಗಿದ.

"ಕಾಲು?"

ಬಲಮಂಡಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ತಬ್ಬಿಕೊಂಡು ಕೂತಿದ್ದ ಬ್ರೇಕಕ್ಕ ಹೇಳಿದಳು, "ಹಿಡ್ಕೊಂಡಿದೀನಿ. ನೀವು ಹೊರಡಿ."