ಚೋರ್ ಸ್ವಿಚ್

ಬ್ರಹ್ಮಾವರದ ಗ್ಯಾರೇಜಿನಲ್ಲಿ ನನ್ನ ಹಳೆಯ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚುವಾಗ ಎದ್ದು ಹೊರಗೆ ಹೋಗಬೇಕೆಂದುಕೊಂಡೆ. ಹೋಗಲಿಲ್ಲ. ಸ್ಟಿಯರಿಂಗಿನ ಕೆಳಗೆ, ಕೈಯಾಡಿಸಿದರೆ ಮಾತ್ರ ಸಿಗುವ ಹಾಗೆ ಅಲ್ಲೊಂದು ಸಣ್ಣ ಸ್ವಿಚ್ ಇತ್ತು. ಅದನ್ನು ನಾನು ನನ್ನ ಹೆಂಡತಿಯಿಂದ ಬಚ್ಚಿಟ್ಟಿದ್ದೆ. ಅವಳು ತೀರಿಕೊಂಡು ಎರಡು ವರ್ಷವಾಯಿತು. ಕೊನೆಯವರೆಗೂ ಅವಳಿಗೆ ಅದು ಗೊತ್ತಾಗಲಿಲ್ಲ ಎಂಬುದೊಂದೇ ನನಗಿದ್ದ ಸಮಾಧಾನ.

ಮುಂಬಯಿಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಕಾಲದಲ್ಲಿ ಇಂಥದ್ದಕ್ಕೆ ನಾವು ಚೋರ್ ಸ್ವಿಚ್ ಎನ್ನುತ್ತಿದ್ದೆವು. ಕಳ್ಳರು ಗಾಡಿ ಒಯ್ಯಬಾರದೆಂದು ಹಾಕಿಸುವುದು; ಅದನ್ನು ಆರಿಸಿಟ್ಟರೆ ಕೀ ತಿರುಗಿಸಿದರೂ ಗಾಡಿ ಶುರುವಾಗದು. ನಾನು ಊರಿಗೆ ಬಂದು, ಈ ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಬೈಂದೂರು ಸ್ಟೇಷನ್ನಿನಿಂದ ಕೊಲ್ಲೂರಿಗೆ ಬಾಡಿಗೆ ಹೊಡೆಯಲು ಶುರು ಮಾಡಿದ ಮೇಲೆ ಅದನ್ನು ಎಸಿಗೆ ಹಾಕಿಸಿದೆ.

ನಮ್ಮ ಮನೆ ತ್ರಾಸಿಯ ಹತ್ತಿರ. ಹೆಂಡತಿ ಒಣ ಮೀನು ಮಾರುತ್ತಿದ್ದಳು. ಶನಿವಾರ ಕುಂದಾಪುರದ ಸಂತೆ ಮುಗಿದ ಮೇಲೆ ಅವಳನ್ನು ನಾನೇ ಕರೆದುಕೊಂಡು ಬರುತ್ತಿದ್ದೆ. ಕಾರು ಹತ್ತುವ ಮೊದಲು ಅವಳು ನಲ್ಲಿಯ ಕೆಳಗೆ ಮೊಣಕೈವರೆಗೆ ಸಾಬೂನು ಹಾಕಿ ತೊಳೆದುಕೊಂಡು, ಸೆರಗನ್ನು ಒಮ್ಮೆ ಮೂಸಿ ನೋಡಿ, ಆಮೇಲೆ ಕೂರುತ್ತಿದ್ದಳು. ಮೊದಲ ದಿನ ಎಸಿ ಹಾಕಿದಾಗ ಎರಡೂ ಕೈಯನ್ನು ಗಾಳಿಗೆ ಒಡ್ಡಿದಳು.

"ಐಸಲ್ಲಿಟ್ಟ ಬಂಗ್ಡಿ ತರ ಆಯ್ದೆ ಕಾಣಿ. ಇನ್ ನಾಕ್ ದಿನ ಹಾಳಾತಿಲ್ಲೆ ನಾನ್" ಅಂದಳು.

ಎಸಿಯ ಒಳಗಿನ ಕೂಲಿಂಗ್ ಕಾಯಿಲ್ ಯಾವಾಗಲೂ ಒದ್ದೆಯಾಗಿರುತ್ತದೆ. ಕಿಟಕಿ ಮುಚ್ಚಿ ಎಸಿ ಹಾಕಿದರೆ ಕಾರಿನೊಳಗಿನ ವಾಸನೆ ಆ ಒದ್ದೆಗೆ ಹಿಡಿದುಕೊಳ್ಳುತ್ತದೆ, ಮಾರನೆಯ ದಿನ ಎಸಿ ಹಾಕಿದ ಕೂಡಲೇ ಹೊರಗೆ ಬರುತ್ತದೆ. ಒಂದು ಭಾನುವಾರ, ಮಿಂದು ಮಡಿಯಲ್ಲಿ ದೇವಸ್ಥಾನಕ್ಕೆ ಹೊರಟಿದ್ದ ಒಬ್ಬ ಮುದುಕಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸಲು ಹೇಳಿ, ಇಳಿದು, ಬೇರೆ ಕಾರು ತರಿಸಿಕೊಂಡರು. ಅವರು ಬೈಯಲಿಲ್ಲ. ಇಳಿಯುವಾಗ ಸೀಟಿನ ಕಡೆ ಒಮ್ಮೆ ನೋಡಿದರು, ಅಷ್ಟೇ. ನಾನೂ ಮೀನಿನ ಮನೆಯಲ್ಲೇ ಹುಟ್ಟಿದವನು. ಆ ವಾಸನೆಯ ಅನ್ನವನ್ನೇ ಉಂಡು ಬೆಳೆದವನು. ಆದರೂ ಆ ದಿನ ನಾನು ನಾಚಿದ್ದು ಹೆಂಡತಿಯ ಬಗ್ಗೆ.

ಅವಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದಿತ್ತು. ಕಿಟಕಿ ತೆರೆದುಕೊಂಡು ಹೋಗುವ ಎಂದಿದ್ದರೆ ಅವಳು ಒಪ್ಪುತ್ತಿದ್ದಳು, ಬಹುಶಃ ನನ್ನನ್ನು ತಮಾಷೆ ಮಾಡುತ್ತಿದ್ದಳು. ಅಷ್ಟು ಹೇಳುವ ಬಾಯಿ ನನಗಿರಲಿಲ್ಲ. ಮನೆಯ ಹತ್ತಿರದ ಗ್ಯಾರೇಜಾದರೆ ಸುದ್ದಿಯಾಗುತ್ತದೆಂದು ಬ್ರಹ್ಮಾವರದವರೆಗೆ ಹೋಗಿ ಸ್ವಿಚ್ ಹಾಕಿಸಿದೆ. ಎಸಿ ಇಲ್ಲದ ಬಾಡಿಗೆಗೆ ಹತ್ತಿದವರು ಸುಮ್ಮನೆ ಗುಂಡಿ ಒತ್ತುತ್ತಾರೆ, ಅದಕ್ಕೆ ಎಂದು ಮೆಕ್ಯಾನಿಕ್‌ಗೆ ಸುಳ್ಳು ಹೇಳಿದೆ.

ಅಲ್ಲಿಂದ ಮುಂದೆ ಶನಿವಾರ ಅವಳು ಕಾರು ಹತ್ತುವ ಮೊದಲೇ ನಾನು ಚೋರ್ ಸ್ವಿಚ್ ಆರಿಸಿಡುತ್ತಿದ್ದೆ. ಅವಳು ಗುಂಡಿ ಒತ್ತಿದರೆ ಬರುತ್ತಿದ್ದದ್ದು ಬಿಸಿ ಗಾಳಿ.

"ಇವತ್ತೂ ಇಲ್ಯಾ?"

"ಗ್ಯಾಸ್ ಹೋಯ್ತ್. ಹಳೇ ಗಾಡಿ ಅಲ್ದಾ."

"ಗಾಡಿಗೂ ಗ್ಯಾಸ್, ನಿಮ್ಗೂ ಗ್ಯಾಸ್. ನಿಮ್ದ್ ಮಾತ್ರ ಖಾಲಿ ಆತಿಲ್ಲೆ."

ಆಗ ಅವಳಿಗೆ ಮುಟ್ಟು ನಿಲ್ಲುವ ವಯಸ್ಸು. ಮೈಯೊಳಗಿಂದಲೇ ಬಿಸಿ ಏಳುತ್ತಿತ್ತು. ಏಪ್ರಿಲ್ ತಿಂಗಳಲ್ಲಿ ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಪಕ್ಕದಲ್ಲಿ ಕೂತಿರುತ್ತಿದ್ದಳು. ನಾನು ರಸ್ತೆ ನೋಡಿಕೊಂಡು ಗಾಡಿ ಓಡಿಸುತ್ತಿದ್ದೆ. ಹೀಗೆ ಏಳೆಂಟು ವರ್ಷ.

ಕೊನೆಯ ನಾಲ್ಕು ವರ್ಷ ಅವಳು ಬಸ್ಸಿನಲ್ಲೇ ಬಂದಳು. ಯಾಕೆ ಎಂದು ಒಮ್ಮೆ ಕೇಳಿದ್ದೆ. "ಬಸ್ಸಲ್ಲಾರೆ ಮಾತಾಡುಕ್ ಜನ ಸಿಕ್ತ್ರ್" ಅಂದಿದ್ದಳು. ನಾನು ಒತ್ತಾಯ ಮಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹಗುರವಾಯಿತು.

ಅವಳು ಹೋದ ಮೇಲೆ ಎಸಿ ನಿಜವಾಗಿಯೇ ಕೆಟ್ಟಿತು. ಬಾಡಿಗೆ ಹೊಡೆಯುವುದನ್ನು ನಿಲ್ಲಿಸಿದ್ದ ನಾನು ಸರಿ ಮಾಡಿಸುವ ಗೋಜಿಗೆ ಹೋಗಲಿಲ್ಲ. ಈ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡೆ. ಕಣ್ಣಿಗೆ ಧೂಳು ತಾಗಬಾರದು, ಗಾಡಿಯಲ್ಲಿ ಹೋಗುವಾಗ ಗಾಜು ಏರಿಸಿಕೊಳ್ಳಿ ಎಂದರು ಡಾಕ್ಟರು. ಆ ಸೆಕೆಗೆ ಗಾಜು ಏರಿಸಿ ಕೂರುವುದು ಹೇಗಿರುತ್ತದೆಂದು ಎರಡು ದಿನದಲ್ಲಿ ಗೊತ್ತಾಯಿತು. ಅದೇ ಗ್ಯಾರೇಜಿಗೆ ಬಂದೆ.

ಮೆಕ್ಯಾನಿಕ್‌ಗೂ ಈಗ ತಲೆ ನೆರೆತಿದೆ. ಮೀಟರ್ ಇಟ್ಟು ನೋಡಿ, ಗ್ಯಾಸ್ ಇಲ್ಲ, ಉಪ್ಪುಗಾಳಿಗೆ ಪೈಪು ತಿಂದು ಹೋಗಿದೆ ಎಂದ. ಪೈಪು ಬದಲಿಸಿದ. ಒಳಗಿನ ಕಾಯಿಲ್ ತೆಗೆದು ನೀರು ಬಿಟ್ಟ. ಕಪ್ಪು ಕೆಸರು ಇಳಿಯಿತು. ನಾನು ಬಗ್ಗಿ ಮೂಸಿದೆ. ಬರೀ ಹಸಿಮಣ್ಣಿನ ವಾಸನೆ. ಇನ್ನೊಮ್ಮೆ ಮೂಸಿದೆ.

"ಎಂತ ಹುಡ್ಕ್ತ್ರಿ ಅಣ್ಣ?" ಎಂದು ಕೇಳಿದ.

ಕಾಯಿಲ್ ತಿರುಗಿ ಕೂರಿಸುವಾಗ ಅವನ ಕೈಗೆ ಸ್ವಿಚ್ ಸಿಕ್ಕಿತು. "ಹ್ವಾಯ್, ಇದಿನ್ನೂ ಇತ್ತಾ? ನಾನೇ ಹಾಕಿದ್ದಲ್ದಾ. ಅಕ್ಕ ಕಡಿಗಾರೂ ಇದನ್ನ ಒತ್ತುಕ್ ಕಲ್ತ್ರಾ?"

"ಯಾವ್ ಅಕ್ಕ?"

"ನಿಮ್ ಮನಿಯವ್ರ್. ಒಂದ್ಸಲ ಬಸ್ಸಗೆ ಬಂದಿದ್ರಲ್ದಾ, ನಮ್ ಗ್ಯಾರೇಜಿನ್ ಬಿಲ್ಲ್, ಒಣ ಮೀನಿನ ಪೊಟ್ಟಣ ಹಿಡ್ಕಂಡ್. ಎಸಿಗೆ ಗ್ಯಾಸ್ ಇಲ್ಲೆ, ಅವ್ರಿಗೆ ಪುರ್ಸೊತ್ತಿಲ್ಲೆ, ನೀವೇ ಕರ್ದ್ ತುಂಬ್ಸಿ ಕೊಡಿ ಅಂದ್ರ್. ನಾನ್ ಹೇಳ್ದೆ, ಗ್ಯಾಸ್ ಎಂತಕ್ಕ್ ಅಕ್ಕ, ಮೊನ್ನೆ ಸರ್ವಿಸಿಗ್ ಬಂದಾಗ ನಾನೇ ಕಂಡಿದೆ, ಐಸ್ ಆಯಿ ಇತ್ತ್. ಅಡಿಗಿನ್ ಚೋರ್ ಸ್ವಿಚ್ ಹಾಕುಕ್ ಮರ್ತಿರ್ಕ್ ಅಂದೆ."

"ಅವ್ಳ್ ಎಂತ ಅಂದ್ಲ್?"

"ಎಂತ ಇಲ್ಲೆ, ನೆಗ್ಯಾಡ್ರ್. ಹೌದಾ, ಅವ್ರಿಗೆ ಮರವು ಜಾಸ್ತಿ ಅಂದ್ರ್. ಮೀನ್ ಕೊಟ್ಟ್ ಹೋದ್ರ್."

"ಯಾವಾಗ?"

"ನನ್ ಮಗಳ ಬಾಲೆ ಹುಟ್ಟಿದ್ ವರ್ಷ. ಅದೀಗ ಒಂದನೇ ಕ್ಲಾಸಿಗ್ ಹೋತ್ತ್."

ಆರು ವರ್ಷ. ಅವಳು ಬಸ್ಸು ಹತ್ತಲು ಶುರು ಮಾಡಿದ್ದು ಆಗಲೇ.

"ಇದನ್ನ ತೆಗಿಲಾ, ಬಿಡ್ಲಾ?" ಎಂದು ಅವನು ಕೇಳಿದ.

"ತೆಗಿ. ಅದನ್ನ ಹಾಕ್ಸಿದ್ದೇ ಅವ್ಳಿಗೆ ಅಂತ" ಎಂದೆ.

"ಪ್ಯಾಸೆಂಜರಿಗೆ ಅಂದಿದ್ರಿ."

"ಸುಳ್ಳ್ ಹೇಳಿದೆ."

ಅವನು ನನ್ನನ್ನೊಮ್ಮೆ ನೋಡಿ, ವಯರ್ ಕತ್ತರಿಸಿ ನೇರವಾಗಿ ಜೋಡಿಸಿದ.

ಹೊರಟಾಗ ಕಾರಿನೊಳಗೆ ಮಂಡಿ ನೋಯುವಷ್ಟು ಥಂಡಿ. ಪಕ್ಕದ ಸೀಟಿನ ಕಡೆಗಿದ್ದ ಗಾಳಿಯ ಕಿಂಡಿಯನ್ನು ಮುಚ್ಚಲು ಕೈ ಚಾಚಿದೆ, ಮುಚ್ಚಲು ಮನಸ್ಸಾಗಲಿಲ್ಲ. ಹೆಮ್ಮಾಡಿ ತಲುಪಿದಾಗ ಬಸ್ ಸ್ಟಾಪಿನಲ್ಲಿ ನಾಲ್ಕೈದು ಹೆಂಗಸರು ನಿಂತಿದ್ದರು. ಹಿಂದೊಮ್ಮೆ, ಅವಳು ಬಸ್ಸಿನಲ್ಲಿ ಓಡಾಡುತ್ತಿದ್ದ ದಿನಗಳಲ್ಲಿ, ಅಲ್ಲೇ ಬುಟ್ಟಿ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ ಅವಳನ್ನು ಕಂಡಿದ್ದೆ. ಮಧ್ಯಾಹ್ನದ ಉರಿಬಿಸಿಲು. ನಾನು ಕುಂದಾಪುರದಿಂದ ಕೊಲ್ಲೂರಿಗೆ ಜನ ಹತ್ತಿಸಿಕೊಂಡು, ಗಾಜು ಏರಿಸಿ, ಎಸಿ ಹಾಕಿಕೊಂಡು ಬರುತ್ತಿದ್ದೆ. ಅವಳು ಕೈ ಅಡ್ಡ ಹಿಡಿದರೆ ಏನು ಮಾಡುವುದೆಂದು ಹೆದರಿದೆ. ಅವಳು ಕಾರಿನ ಕಡೆ ಮುಖ ಎತ್ತಿದಳು. ಮರುಕ್ಷಣ ರಸ್ತೆಗೆ ಬೆನ್ನು ಹಾಕಿ, ಬಗ್ಗಿ, ಬುಟ್ಟಿಯ ಹಗ್ಗ ಕಟ್ಟತೊಡಗಿದಳು. ಸದ್ಯ, ನನ್ನನ್ನು ನೋಡಲಿಲ್ಲ ಎಂದುಕೊಂಡು ಮುಂದೆ ಹೋದೆ.

ಆ ಬುಟ್ಟಿ ಖಾಲಿಯಿತ್ತು. ಕಟ್ಟುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.