ನೀರು, ಒಂದು ಲೀಟರ್

ರಾಯಚೂರಿನ ಆಸ್ಪತ್ರೆಯಿಂದ ಅವ್ವನನ್ನು ಮಕ್ತಲಿನ ನಮ್ಮ ಮನೆಗೆ ಕರೆತಂದ ದಿನ, ಮಂಚದ ಮೇಲೆ ಕೂತವಳೇ ಮೊದಲು ಕೇಳಿದ್ದು ಡಾಕ್ಟರು ಕೊಟ್ಟ ಕಾಗದವನ್ನು. "ಅದರಾಗ ಏನೇನ್ ಬರದಾರ, ಎಲ್ಲಾ ಓದು. ನಡುವ ಒಂದೂ ನುಂಗಬ್ಯಾಡ" ಎಂದಳು. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಓದುವವರು ಒಂದು ಸಾಲು ಹಾರಿಸಿದರೆ ಅದು ಹೇಗೋ ಅವಳಿಗೆ ತಿಳಿದುಬಿಡುತ್ತಿತ್ತು.

ಕಾಗದ ಇಂಗ್ಲಿಷಿನಲ್ಲಿತ್ತು. ರೈಸ್, ಒನ್ ಕಪ್. ಸಾಲ್ಟ್, ಹಾಫ್ ಸ್ಪೂನ್. ವಾಟರ್, ಒನ್ ಲೀಟರ್. ಅವ್ವನ ಕಿಡ್ನಿ ಸೋತು ಕಾಲೆಲ್ಲ ಬಾತಿತ್ತು, ಹಾಗಾಗಿ ನೀರಿಗೂ ಕಟ್ಟು. ನಾನು ಕನ್ನಡದಲ್ಲಿ ಓದಿ ಹೇಳಿದೆ: ಅನ್ನ, ಒಂದು ಬಟ್ಟಲು. ಉಪ್ಪು, ಅರ್ಧ ಚಮಚ. ನೀರು, ಒಂದು ಲೀಟರ್. ಒಂದು ಪದವನ್ನೂ ಹಿಂದೆ ಮುಂದೆ ಸರಿಸಬೇಕಾಗಲಿಲ್ಲ. ಅವ್ವ ಪಕ್ಕನೆ ನಕ್ಕಳು. "ಈ ಡಾಕ್ಟರಪ್ಪ ಕಿರಾಣಿ ಅಂಗಡಿ ಚೀಟಿ ಬರದಂಗ ಬರದಾನಲ್ಲೇ!"

ನನಗೆ ಒಳಗೊಳಗೇ ನಾಚಿಕೆಯಾಯಿತು. ನಾನು ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. 'ವಾಟರ್ ಒನ್ ಲೀಟರ್' ಎಂದು ಬರೆದ ಮಕ್ಕಳಿಗೆ ಎಷ್ಟು ಕೆಂಪು ಗೆರೆ ಎಳೆದಿದ್ದೇನೋ ಲೆಕ್ಕವಿಲ್ಲ. "ಎ ಲೀಟರ್ ಆಫ್ ವಾಟರ್ ಅನ್ರಿ! ನಿಮ್ಮ ಕನ್ನಡಾನ ತಂದು ಇಂಗ್ಲಿಷಿನಾಗ ಸುರೀಬ್ಯಾಡ್ರಿ" ಎಂದು ಕೂಗಾಡುತ್ತಿದ್ದೆ. ಹೊರಗೆ ಬಂದರೆ ಲೋಕವೆಲ್ಲ ಬೇರೆಯೇ ಇಂಗ್ಲಿಷ್ ಆಡುತ್ತಿತ್ತು. ಬಸ್ ನಿಲ್ದಾಣದ ಹೋಟೆಲಿನಲ್ಲಿ 'ಟೀ ಟೂ, ಇಡ್ಲಿ ಒನ್ ಪ್ಲೇಟ್'. ಔಷಧದ ಚೀಟಿಯಲ್ಲಿ ಮೊದಲು ಗುಳಿಗೆಯ ಹೆಸರು, ಆಮೇಲೆ ಎಷ್ಟು ಎಂಬುದು. ಅಷ್ಟೇಕೆ, ಶಾಲೆಯ ಮಧ್ಯಾಹ್ನದೂಟದ ರಿಜಿಸ್ಟರಿನಲ್ಲಿ ನಾನೇ ನನ್ನ ಕೈಯಾರೆ 'ರೈಸ್, ಟೆನ್ ಕೆಜಿ' ಎಂದು ಬರೆಯುತ್ತಿದ್ದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ!

ಅವ್ವ ಕಿರಾಣಿ ಚೀಟಿ ಎಂದಾಗ ನನಗೆ ನಾರಾಯಣಪೇಟೆಯ ನಮ್ಮ ಹಳೆಯ ಮನೆ ಕಣ್ಣಮುಂದೆ ಬಂತು. ಅವ್ವ ಗದ್ವಾಲದಿಂದ ಆ ನೇಕಾರರ ಮನೆಗೆ ಸೊಸೆಯಾಗಿ ಬಂದವಳು. ಪಡಸಾಲೆಯಲ್ಲಿ ಮಗ್ಗ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಲ್ಲಿಂದಲೇ "ಕೆಂಪು ನೂಲು, ನಾಲ್ಕು ಲಡಿ! ಹಳದಿ, ಎರಡು!" ಎಂದು ಕೂಗುತ್ತಿದ್ದ. ಅವ್ವ ರಾಟೆ ನಿಲ್ಲಿಸಿ ತಂದುಕೊಡುತ್ತಿದ್ದಳು. ವಾರಕ್ಕೊಮ್ಮೆ ಚೀಟಿ ಬರೆಯುವುದು ನನ್ನ ಕೆಲಸ. ಅವ್ವ "ಬ್ಯಾಳಿ..." ಎನ್ನುವಳು, ನಾನು ಬರೆಯುವೆ. ಆಮೇಲೆ ಎದ್ದು ಹೋಗಿ ಬೇಳೆಯ ಡಬ್ಬಿ ಅಲ್ಲಾಡಿಸಿ ಸದ್ದು ಕೇಳುವಳು. ಬೆರಳು ಮಡಚಿ ಉಣ್ಣುವವರನ್ನು ಎಣಿಸುವಳು. ಅಳೆದೂ ಸುರಿದೂ ಕೊನೆಗೆ "ಒಂದು ಸೇರು" ಎನ್ನುವಳು.

ಆಗ ತಾನೇ ಶಾಲೆಯಲ್ಲಿ ಇಂಗ್ಲಿಷಿನ ಅಳತೆ ಕಲಿತಿದ್ದ ನನಗೆ ತಡೆಯಲಾಗಲಿಲ್ಲ. "ಅವ್ವ, ನಿನ್ನ ಮಾತೆಲ್ಲಾ ತಲಿಕೆಳಗ. ಇಂಗ್ಲಿಷಿನಾಗ ಎಷ್ಟು ಅಂತ ಮೊದಲ ಹೇಳ್ತಾರ" ಎಂದೆ.

"ಅವರ ಮನ್ಯಾಗ ಡಬ್ಬಿ ತುಂಬಿರ್ತಾವೇನೋ, ಅದಕ್ಕ ಹಂಗ ಹೇಳ್ತಾರ" ಎಂದಳು ಅವ್ವ. "ನಾ ಡಬ್ಬಿ ನೋಡದ ಹೆಂಗ ಹೇಳ್ಲಿ? ಬಾಯಿ ಮಾಡಬ್ಯಾಡ, ಬರಿ."

ಆ ನಡುವಿನ ನಿಲುಗಡೆಯೇ ನನಗೆ ಈಗ ಬೇಕೆನಿಸುತ್ತದೆ. ಅವ್ವ ಹೋಗಿ ಎರಡು ವರ್ಷವಾಯಿತು. ಇವತ್ತಿಗೂ ಅಂಗಡಿಯಲ್ಲಿ ನಿಂತು "ಬೇಳೆ" ಎಂದವಳು ಸುಮ್ಮನಾಗಿಬಿಡುತ್ತೇನೆ. ಅಂಗಡಿಯವರು "ಎಷ್ಟ್ರೀ ಮೇಡಂ?" ಎಂದು ಎರಡು ಸಲ ಕೇಳಬೇಕಾಗುತ್ತದೆ.

ಎಲ್ಲದಕ್ಕೂ ಅಳತೆಯಿದ್ದ ನಾರಾಯಣಪೇಟೆಯ ಆ ಮನೆಯಲ್ಲಿ ನೀರಿಗೆ ಮಾತ್ರ ಅಳತೆ ಇರಲಿಲ್ಲ. ಹೊಸ್ತಿಲು ದಾಟಿ ಯಾರೇ ಬರಲಿ, ಮೊದಲು ಚೊಂಬಿನ ತುಂಬ ನೀರು, ಆಮೇಲೆ ಯಾಕೆ ಬಂದಿರಿ ಎಂಬ ಮಾತು. ಅಂಥವಳ ನೀರಿಗೆ, ಆಸ್ಪತ್ರೆಯಿಂದ ಬಂದ ಮೇಲೆ, ನಾನು ಕಾವಲುಗಾರ್ತಿಯಾದೆ. ಮೊದಲೇ ಮೂಗಿನ ತುದಿಯಲ್ಲೇ ಸಿಟ್ಟು ನನಗೆ, ಸಾಲದ್ದಕ್ಕೆ ಟೀಚರು! ದಿನಾ ಬೆಳಿಗ್ಗೆ ಬಾಟಲಿಯಲ್ಲಿ ಅಳೆದು, ಮುಕ್ಕಾಲು ಲೀಟರ್ ಒಂದು ತಂಬಿಗೆಗೆ ಹಾಕಿ ಮಂಚದ ಪಕ್ಕ ಇಡುತ್ತಿದ್ದೆ. ಉಳಿದ ಕಾಲು ರಾತ್ರಿಯ ಊಟಕ್ಕೆ ಮತ್ತು ಗುಳಿಗೆಗೆ. ಬೇಸಿಗೆ, ಶಾಲೆ ಮಧ್ಯಾಹ್ನದವರೆಗೆ ಮಾತ್ರ. ಗೋಡೆ ಹಿಡಿದು ನಡೆಯುತ್ತಿದ್ದ ಅವ್ವ ನಾನಿಲ್ಲದಾಗ ಒಳಗೆ ಹೋಗಿ ಕೊಡದಿಂದ ಕುಡಿದಾಳೆಂದು ಅಡುಗೆಮನೆಗೆ ಬೀಗ ಜಡಿದು, ಬೀಗದ ಕೈ ಪರ್ಸಿಗೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಬರೆಯುವಾಗ ಈಗಲೂ ನನ್ನ ಕೈ ತಡೆಯುತ್ತದೆ, ಆದರೆ ಬೀಗ ಹಾಕಿದ್ದು ನಿಜ.

ಮೊದಲ ಕೆಲವು ದಿನ ಸರಿಹೋಯಿತು. ಆಮೇಲೆ ಮಧ್ಯಾಹ್ನ ಬಂದು ನೋಡಿದರೆ ತಂಬಿಗೆ ಬರಿದು. "ದಾಹ ಆಗಿತ್ತವ್ವಾ" ಎಂದಳು. ಮರುದಿನವೂ ಬರಿದು. ಅದರ ಮರುದಿನವೂ.

"ಅವ್ವ, ನಿನಗ ಬದುಕೋ ಆಸೆ ಐತೋ ಇಲ್ಲೋ? ಸಣ್ಣ ಮಕ್ಕಳಿಗೆ ಹೇಳಿದ್ರ ಕೇಳ್ತಾವ, ನಿನಗ ಗೊತ್ತಾಗೂದಿಲ್ಲ!" ಓಣಿಗೆಲ್ಲ ಕೇಳುವಂತೆ ಒದರಿದೆ. "ಇನ್ನ ಕತ್ತಲಾಗೋತನಕ ಒಂದು ಗುಟುಕೂ ಕೊಡೂದಿಲ್ಲ, ನೋಡ್ತಿರು."

ಕೊಡಲಿಲ್ಲ. ಅವಳು ಕೇಳಲೂ ಇಲ್ಲ. ಮಧ್ಯಾಹ್ನವೆಲ್ಲ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ತುಟಿ ಒಡೆದಿತ್ತು. ಕಾಲಿನ ಬಾವು ಮಾತ್ರ ಚೆನ್ನಾಗಿ ಇಳಿದಿತ್ತು. ಇಷ್ಟು ನೀರು ಕುಡಿಯುವವಳ ಬಾವು ಇಳಿಯುವುದು ಹೇಗೆ ಎಂದು ನನ್ನ ಜಾಣ ತಲೆಗೆ ಹೊಳೆಯಲಿಲ್ಲ. ನನ್ನ ಬಿಗಿಯಿಂದಲೇ ಇಳಿಯಿತೆಂದು ಬೀಗಿದೆ, ಶಾಲೆಯಲ್ಲಿ ಜೊತೆಯವರಿಗೂ ಹೇಳಿಕೊಂಡೆ.

ಒಂದು ದಿನ ತಲೆ ಸಿಡಿಯುತ್ತಿತ್ತೆಂದು ರಜೆ ಬರೆದುಕೊಟ್ಟು ಒಂದು ತಾಸು ಮೊದಲೇ ಬಂದೆ. ಬಾಗಿಲು ತೆರೆದಿತ್ತು. ಹೊಸ್ತಿಲೊಳಗೆ ಮೊಸರು ಮಾರುವ ಹೆಂಗಸು ಕೂತಿದ್ದಳು. ದಿನಾ ಬೆಳಿಗ್ಗೆ ಹಳ್ಳಿಯಿಂದ ಗಡಿಗೆ ಹೊತ್ತು ಬಂದು, ಮಾರಿ ಮುಗಿಸಿ, ನೆತ್ತಿ ಸುಡುವ ಹೊತ್ತಿಗೆ ನಮ್ಮ ಓಣಿಯಿಂದಲೇ ವಾಪಸು ಹೋಗುವವಳು. ಬರಿ ಗಡಿಗೆ ಪಕ್ಕಕ್ಕಿಟ್ಟು, ತಲೆ ಹಿಂದಕ್ಕೆ ಚೆಲ್ಲಿ, ಲೋಟ ಎತ್ತಿ ಗಟಗಟ ಕುಡಿಯುತ್ತಿದ್ದಳು. ಮಂಚದ ಮೇಲಿದ್ದ ಅವ್ವನ ಕೈಯಲ್ಲಿ ನಾನು ಅಳೆದಿಟ್ಟ ತಂಬಿಗೆ. "ಇನ್ನಷ್ಟು ಹಾಕ್ಲೇನು?" ಎಂದು ಕೇಳುತ್ತಿದ್ದಳು.

"ಹಾಕ್ರಿ ಯವ್ವಾ, ಜರಾ. ನಿಮ್ಮ ಮನಿ ನೀರು ಕುಡೀದಿದ್ರ ನಾ ಊರು ಮುಟ್ಟೂದಿಲ್ಲ ನೋಡ್ರಿ."

"ಅವ್ವಾ!" ಎಂದು ನಾನು ಕಿರುಚಿದೆ. ಆ ಹೆಂಗಸು ಬೆಚ್ಚಿ ಲೋಟ ಕೆಳಗಿಟ್ಟಳು. "ಯಾಕ್ರೀ ಟೀಚರಮ್ಮ, ಏನಾತ್ರೀ?"

ಅವ್ವ ಅವಳ ಬೆನ್ನ ಹಿಂದಿನಿಂದ ನನಗೆ ಕೈ ಮುಗಿದಳು. ಹೆತ್ತ ಮಗಳಿಗೆ, ಎರಡೂ ಕೈ ಎತ್ತಿ. ಹೇಳಬೇಡ ಎಂದು.

"ಏನಿಲ್ಲ. ತಲಿ ನೋಯ್ತೈತಿ" ಎಂದೆ. "ಕುಡೀರಿ ನೀವು." ಅವಳು ಕುಡಿದು, ಬಾಯಿ ಒರೆಸಿಕೊಂಡು, "ನಿಮ್ಮ ಹೊಟ್ಟಿ ತಣ್ಣಗಿರ್ಲಿ ಯವ್ವಾ" ಎಂದು ಅವ್ವನಿಗೆ ಹರಸಿ ಗಡಿಗೆ ಎತ್ತಿಕೊಂಡು ಹೋದಳು.

ಬಾಗಿಲಿಗೆ ಒರಗಿ ನಿಂತೆ. "ದಿನಾ?"

"ಬಿಸಲಾಗ ಬರ್ತಾಳವ್ವಾ."

"ಹೇಳಬಾರದಿತ್ತೇನ ನನಗ? ಇಷ್ಟು ದಿನ ನಾ ಬೈದೆ. ಬೈಸಿಕೊಂಡು ಕುಂತಿ!"

"ಹೇಳಿದ್ರ ನೀ ಆಕೀಗೆ ಬೈತಿದ್ದಿ. ನಿನ್ನ ಬಾಯಿ ನನಗ ಗೊತ್ತಿಲ್ಲೇನು? ನನಗ ಬೈದ್ರ ಏನಾತು, ನಾ ನಿನ್ನ ಅವ್ವ. ಆಕಿ ಹೊರಗಿನ ಮಂದಿ. ಒಳಗ ಬೀಗ ಐತಿ, ನೀರಿಲ್ಲ ಅಂತ ಹೆಂಗ ಹೇಳ್ಲಿ?"

"ಮತ್ತ ನೀ ಏನ್ ಕುಡೀತಿದ್ದಿ?"

ಅವ್ವ ಸೆರಗಿನ ಚುಂಗು ತೋರಿಸಿದಳು. ಒದ್ದೆಯಾಗಿತ್ತು. "ಇದನ್ನ ಅದ್ದಿ ತುಟಿಗೆ ಹಚ್ಚಿಕೊಳ್ತೀನಿ. ಸಾಕಾಗ್ತೈತಿ ಬಿಡು."

ಅಲ್ಲೇ ನೆಲಕ್ಕೆ ಕೂತೆ. ಹೋ ಎಂದು ಅಳು ಬಂತು. ಅಳುತ್ತಲೇ ಪರ್ಸಿನಲ್ಲಿ ಬೀಗದ ಕೈ ತಡಕಾಡಿದೆ. ಪರ್ಸಿನೊಳಗಿದ್ದದ್ದೆಲ್ಲ ನೆಲಕ್ಕೆ ಬಿತ್ತು. ನನ್ನನ್ನು ನಾನೇ ಹೊಡೆದುಕೊಳ್ಳಬೇಕೆನಿಸಿತು.

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. "ಮಾರಿ ಹೆಂಗ ಕೆಂಪಗಾಗೈತಿ ನೋಡು. ನೀನೂ ಬಿಸಲಾಗ ನಡಕೊಂತ ಬಂದಿ. ನೀರು ಕುಡದ್ಯೇನು?"

ನಾನು ಉತ್ತರ ಕೊಡುವ ಮೊದಲೇ ತಂಬಿಗೆ ಬಗ್ಗಿಸಿ, ತಳದಲ್ಲಿ ಉಳಿದಿದ್ದನ್ನೆಲ್ಲ ಲೋಟಕ್ಕೆ ಸುರಿದು ನನ್ನ ಮುಂದೆ ಹಿಡಿದಳು. ಅರ್ಧ ಲೋಟವೂ ಇರಲಿಲ್ಲ.

"ಅವ್ವ, ಅದು ನಿಂದು."

"ಕುಡದು ಅಳು" ಎಂದಳು.

ಕುಡಿದೆ. ನಾನು ಗುಟುಕರಿಸಿದ ಹಾಗೆಲ್ಲ ಎದುರಿಗೆ ಅವ್ವನ ಗಂಟಲೂ ಆಡುತ್ತಿತ್ತು.